ಪದ ಬೇಕು: ಮಿರರ್‌ಲೆಸ್, ಫರ್ಮ್‌ವೇರ್ (ನಾಳೆ ಬೆಳಿಗ್ಗೆಯೊಳಗೆ)

ಗೆಳೆಯರೇ,

ಎರಡು ಪದ ತುರ್ತಾಗಿ ಬೇಕು. ಹಕ್ಕಿ ಫೋಟೊ ತೆಗೆಯುವ ನಮ್ಮ ಸಣ್ಣ ಗುಂಪಿಗಾಗಿ ಒಂದು ಕೈಹೊತ್ತಗೆ ಮಾಡುತ್ತಿದ್ದೇವೆ. ನಿಕಾನ್ ಝಡ್ 9 ಕ್ಯಾಮೆರಾದ ವಿಮರ್ಶೆಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಹತ್ತು ಗಂಟೆಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕು.

ಮೊದಲನೆಯದು 'ಮಿರರ್‌ಲೆಸ್'. ಒಳಗೆ ಕನ್ನಡಿ ಇಲ್ಲದ ಒಂದು ಬಗೆಯ ಕ್ಯಾಮೆರಾಕ್ಕೆ ಆ ಹೆಸರು. 'ಕನ್ನಡಿರಹಿತ' ಅಂತ ಬರೆದಿದ್ದೆ. ಗಟ್ಟಿಯಾಗಿ ಓದಿದರೆ ಕಿವಿಗೆ ಹಿತವಾಗುವುದಿಲ್ಲ.

ಎರಡನೆಯದು 'ಫರ್ಮ್‌ವೇರ್'. ಕ್ಯಾಮೆರಾದ ಒಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್ ಅದು. ನನಗೆ ಇದೇ ಜಾಸ್ತಿ ಮುಖ್ಯ, ಇಡೀ ವಿಮರ್ಶೆ ನಿಂತಿರುವುದೇ ಇದರ ಮೇಲೆ. ಕ್ಯಾಮೆರಾ ಬಂದದ್ದು 2021ರ ಕೊನೆಗೆ. 2022ರ ಏಪ್ರಿಲ್‌ನಲ್ಲಿ ಫರ್ಮ್‌ವೇರಿನ 2.0 ಆವೃತ್ತಿ ಬಂತು. ಬಟನ್ ಒತ್ತುವ ಮುಂಚಿನ ಒಂದು ಸೆಕೆಂಡಿನವರೆಗಿನ ಚಿತ್ರಗಳನ್ನೂ ಉಳಿಸಿಕೊಳ್ಳುವ ಅನುಕೂಲ ಅದರಲ್ಲಿತ್ತು. ಮಿಂಚುಳ್ಳಿ ಕೊಂಬೆ ಬಿಟ್ಟ ಮೇಲೆ ಬೆರಳು ಒತ್ತಿದರೂ ಹಾರಿದ ಗಳಿಗೆ ಸಿಗುತ್ತದೆ. 2023ರ ಅಕ್ಟೋಬರ್‌ನಲ್ಲಿ 4.10 ಬಂತು. ಅಲ್ಲಿಯವರೆಗೆ ಫೋಕಸ್ಸಿನ ಪಟ್ಟಿಯಲ್ಲಿ ಹಕ್ಕಿಗಳು ನಾಯಿ, ಬೆಕ್ಕುಗಳ ಜೊತೆ 'ಪ್ರಾಣಿ' ಎಂಬ ಒಂದೇ ಆಯ್ಕೆಯಲ್ಲಿ ಸೇರಿದ್ದವು. ಆಮೇಲೆ 'ಹಕ್ಕಿ' ಅಂತಲೇ ಬೇರೆ ಆಯ್ಕೆ ಬಂತು. ಸೆನ್ಸರ್ ಅದೇ, ಲೆನ್ಸ್ ಅದೇ, ಕೊಂಡವರಿಗೆ ಹೊಸ ಖರ್ಚಿಲ್ಲ. ಹಾಗಾಗಿ ಮೊದಲ ದಿನ ಕೊಟ್ಟ ಅಂಕ ಇವತ್ತಿಗೆ ಸಲ್ಲುವುದಿಲ್ಲ. ಇದು ಓದುವವರಿಗೆ ತಿಳಿಯಬೇಕು.

ಸುಮ್ನೆ 'ತಂತ್ರಾಂಶ' ಅಂದರೆ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ಕರಡು ಓದಿದ ಇಬ್ಬರು ಹಾಗೇ ಅಂದುಕೊಂಡರು. 'ಸ್ಥಿರಾಂಶ' ನಡೆಯುತ್ತದೆಯೇ?

— ಶ್ರೀರಂಗಪಟ್ಟಣದಿಂದ

* * *

> 'ಸ್ಥಿರಾಂಶ' ನಡೆಯುತ್ತದೆಯೇ?

ನಡೆಯುವುದಿಲ್ಲ. ಗಣಿತದ ಸ್ಥಿರಾಂಕ ಇದೆಯಲ್ಲ, ಅದರ ಅಚ್ಚು ತಪ್ಪು ಅಂದುಕೊಳ್ಳುತ್ತಾರೆ. ಮೇಲಾಗಿ ನೀವು ಹೇಳುತ್ತಿರುವುದೇ ಅದು ಬದಲಾಯಿತು ಅಂತ. ಬದಲಾಗುವುದಕ್ಕೆ ಸ್ಥಿರ ಅನ್ನುವುದು ಹೇಗೆ?

1967ರಲ್ಲಿ ಕಂಪ್ಯೂಟರ್ ತಜ್ಞ ಆಷರ್ ಓಪ್ಲರ್ 'ಫರ್ಮ್‌ವೇರ್' ಅಂದಾಗ ಹಾರ್ಡ್‌ವೇರಿಗೂ ಸಾಫ್ಟ್‌ವೇರಿಗೂ ನಡುವಿನದು ಅನ್ನುವ ಲೆಕ್ಕದಲ್ಲಿ ಅಂದದ್ದು. ಅಲುಗಾಡದ್ದು ಅಂತಲ್ಲ. ಗಟ್ಟಿಯೂ ಅಲ್ಲದ, ಮೆತ್ತಗೂ ಅಲ್ಲದ ಸ್ಥಿತಿಗೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ: ಹದ. ಪಾಕಕ್ಕೆ ಹದ, ಮಣ್ಣಿಗೆ ಹದ. ಹಳಗನ್ನಡದಲ್ಲಿ 'ಪದ', ತಮಿಳಿನ 'ಪದಂ' ಇದರ ಒಡಹುಟ್ಟು. 'ಹದಾಂಶ' ಅನ್ನಿ. ಹೊಸ ಫರ್ಮ್‌ವೇರ್ ಹಾಕುವುದಕ್ಕೆ 'ಹದಗೊಳಿಸು' ಅಂತ ಕ್ರಿಯಾಪದವೂ ಸಿಗುತ್ತದೆ.

'ಕನ್ನಡಿರಹಿತ' ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಬಿಟ್ಟುಬಿಡಿ.

— ಮೈಸೂರಿನಿಂದ

* * *

ಮೈಸೂರಿನ ಸರ್, 'ಹದಾಂಶ' ಯಾವ ಸಮಾಸ? ಹದ ಕನ್ನಡ, ಅಂಶ ಸಂಸ್ಕೃತ. ಕನ್ನಡಿಗೆ ಒಂದು ನ್ಯಾಯ, ಹದಕ್ಕೆ ಇನ್ನೊಂದೇ? ಅರಿಸಮಾಸ ಬಿರುದುಗಳಲ್ಲಿ ಸಲ್ಲುತ್ತದೆ ಅಂತ ವ್ಯಾಕರಣಕಾರರು ಬಿಟ್ಟುಕೊಟ್ಟಿದ್ದಾರೆ. ಫರ್ಮ್‌ವೇರ್ ಬಿರುದಲ್ಲ.

ಕೇಳಿದವರಿಗೆ: 'ಲೆಸ್' ಜಾಗಕ್ಕೆ ನಮ್ಮದೇ 'ಇಲಿ' ಪ್ರತ್ಯಯ ಇದೆ. ನಾಣ್ ಇಲ್ಲದವನು ನಾಣಿಲಿ. ಹಾಗೇ 'ಕನ್ನಡಿಯಿಲಿ'. ಇನ್ನು ಕನ್ನಡಿಯ ಒಳಗೆ 'ಕಣ್' ಇದೆ. ತಮಿಳಿನ 'ಕಣ್ಣಾಡಿ'ಗೆ ಕನ್ನಡಿ, ಗಾಜು, ಮೂಗಿನ ಮೇಲಿನ ಕನ್ನಡಕ, ಮೂರೂ ಅರ್ಥ ಉಂಟು. ಕಣ್ಣಿಗೂ ಕ್ಯಾಮೆರಾಕ್ಕೂ ನಂಟು ಇರುವ ಪದವನ್ನು ಬಿಟ್ಟು 'ಮಿರರ್' ಹಿಡಿಯುವುದು ನನಗೆ ನಿಜವಾಗಿ ನೋವಿನ ಸಂಗತಿ.

— ಧಾರವಾಡದಿಂದ

* * *

'ಕನ್ನಡಿಯಿಲಿ' ಬೇಡ. ಇವತ್ತಿನ ಓದುಗರಿಗೆ ಅದರಲ್ಲಿ ಪ್ರಾಣಿ ಮಾತ್ರ ಕಾಣುತ್ತದೆ.

ನಾನು ಇಪ್ಪತ್ತು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಬರುವವರು 'ಮಿರರ್‌ಲೆಸ್' ಅನ್ನುತ್ತಾರೆ, 'ಫರ್ಮ್‌ವೇರ್ ಅಪ್‌ಡೇಟ್ ಮಾಡಿಕೊಡಿ' ಅನ್ನುತ್ತಾರೆ. ಸಂತೆಯಲ್ಲಿ ದ್ರಾಕ್ಷಿ ಮಾರುವವರೂ 'ಸೀಡ್‌ಲೆಸ್' ಅಂತಲೇ ಕೂಗುತ್ತಾರೆ, ಅಲ್ವಾ?

ಇನ್ನೊಂದು ಮಾತು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಬಟನ್ ಒತ್ತಿದಾಗ ಅದು ಟಪ್ ಅಂತ ಮೇಲೇಳುತ್ತದೆ, ಕಣ್ಣಿಗೆ ಒಂದು ಕ್ಷಣ ಕತ್ತಲೆ. 2008ರಲ್ಲಿ ಪ್ಯಾನಸೋನಿಕ್ ಜಿ1 ಆ ಕನ್ನಡಿ ತೆಗೆದು ಸೆನ್ಸರ್ ಕಂಡದ್ದನ್ನೇ ಕಣ್ಣಿಡುವ ಕಿಂಡಿಯೊಳಗಿನ ಪುಟ್ಟ ಪರದೆಗೆ ಕಳಿಸಿತು. ಆದರೆ ಹಳೆಯ ಲೈಕಾ ರೇಂಜ್‌ಫೈಂಡರ್‌ ಕ್ಯಾಮೆರಾಗಳಲ್ಲೂ ಈ ಕನ್ನಡಿ ಇರಲಿಲ್ಲ. ನಿಮ್ಮ ಫೋನಿನಲ್ಲೂ ಇಲ್ಲ. ಅವನ್ನು ಯಾರೂ ಮಿರರ್‌ಲೆಸ್ ಅನ್ನುವುದಿಲ್ಲ. ಅದು ವರ್ಣನೆ ಅಲ್ಲ, ಒಂದು ಜಾತಿಯ ಹೆಸರು. ಹೆಸರನ್ನು ಬಿಡಿಸಿ ಅನುವಾದ ಮಾಡಿದರೆ ಇಂಗ್ಲಿಷಿನ ಗೊಂದಲವನ್ನೂ ಕನ್ನಡಕ್ಕೆ ತಂದ ಹಾಗೆ.

— ಬೆಂಗಳೂರಿನಿಂದ

* * *

> ಅಂಗಡಿಗೆ ಬರುವವರು 'ಮಿರರ್‌ಲೆಸ್' ಅನ್ನುತ್ತಾರೆ

ಅಂಗಡಿಯವರು ಅನ್ನುವುದೇ ಅಳತೆಯಾದರೆ ಕನ್ನಡ ಪದ ಹುಡುಕುವ ಈ ಬಳಗವನ್ನು ಇವತ್ತೇ ಮುಚ್ಚಬಹುದು. 'ವೈರ್‌ಲೆಸ್'ಗೆ 'ನಿಸ್ತಂತು' ಬಂದಾಗಲೂ ಇದೇ ಮಾತು ಕೇಳಿಬರಲಿಲ್ಲವೇ? ಈಗ ಅದು ಪಾಠಪುಸ್ತಕದಲ್ಲಿದೆ. 'ತಂತ್ರಾಂಶ' ನೀವೂ ಬಳಸುತ್ತೀರಿ. ನಾಲಿಗೆಗೆ ರೂಢಿಯಾಗುವ ಮೊದಲೇ ಸೋತು ಕೂತರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಮಾತ್ರ.

— ಧಾರವಾಡದಿಂದ

* * *

ಸೋಲುವ ಮಾತಲ್ಲ ಸರ್. 'ಕ್ಯಾಮೆರಾ' ಪದವನ್ನು ನೀವೂ ಮೇಲೆ ಬರೆದಿದ್ದೀರಿ, ಯಾರಿಗೂ ಮುಜುಗರ ಆಗಲಿಲ್ಲ. 'ಛಾಯಾಗ್ರಾಹಕ' ಅಂದರೆ ಈಗ ಮನುಷ್ಯ, ಯಂತ್ರ ಅಲ್ಲ. ಅರ್ಜಿ, ಜಮೀನು, ಕುರ್ಚಿ ನಮ್ಮವೇ ಆದವು. ಕನ್ನಡ ಉಳಿಯುವುದು ಈ ಕ್ಯಾಮೆರಾ ಬಗ್ಗೆ ಕನ್ನಡದಲ್ಲಿ ಬರೆಯುವವರಿಂದ. ಅವರನ್ನು ಬೆಳಗಿನವರೆಗೆ ಕಾಯಿಸಬೇಡಿ.

— ಬೆಂಗಳೂರಿನಿಂದ

* * *

ಎಲ್ಲರಿಗೂ ನಮಸ್ಕಾರ. ರಾತ್ರಿ ಹನ್ನೊಂದಾಯಿತು, ನಾನು ತೀರ್ಮಾನಿಸಲೇಬೇಕು. 'ಮಿರರ್‌ಲೆಸ್' ಹಾಗೇ ಇಡುತ್ತೇನೆ, ಮೊದಲ ಸಲ ಬಂದಾಗ ಕನ್ನಡಿಯ ಕಥೆಯನ್ನು ಎರಡು ಸಾಲಿನಲ್ಲಿ ಹೇಳುತ್ತೇನೆ. 'ಹದಾಂಶ' ಇಷ್ಟವಾಯಿತು, ಆದರೆ ಒಂದೇ ಪುಟದಲ್ಲಿ ಅದನ್ನು ಪರಿಚಯ ಮಾಡಿಸುವ ಧೈರ್ಯ ನನಗಿಲ್ಲ. ಹೀಗೆ ಬರೆದಿದ್ದೇನೆ:

"ಕ್ಯಾಮೆರಾದ ಒಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಅದು ಹೊಸದಾದಾಗ ನಿಮ್ಮ ಕೈಯಲ್ಲಿರುವ ಹಳೆಯ ಕ್ಯಾಮೆರಾವೇ ಹೊಸ ಕೆಲಸ ಕಲಿಯುತ್ತದೆ."

ಒಂದೇ ಒಂದು ಉಳಿದಿದೆ. ಬಟನ್ ಒತ್ತುವ ಮುಂಚಿನ ಚಿತ್ರಗಳನ್ನು ಹಿಡಿಯುವುದಕ್ಕೆ 'ಪೂರ್ವಗ್ರಹಣ' ಅಂತ ಹಾಕಿದ್ದೇನೆ.

— ಶ್ರೀರಂಗಪಟ್ಟಣದಿಂದ

* * *

'ಗ್ರಹಣ' ತೆಗೆಯಿರಿ, ಪೂರ್ವಗ್ರಹದ ನೆನಪೂ ಬರುತ್ತದೆ. ಮುನ್ನುಡಿ, ಮುನ್ನೋಟ ಇದ್ದ ಹಾಗೆ 'ಮುನ್ಸೆರೆ' ಅನ್ನಿ. ಎರಡೂ ಕಡೆ ಕನ್ನಡ. ಧಾರವಾಡದವರೂ ಒಪ್ಪುತ್ತಾರೆ.

— ಮೈಸೂರಿನಿಂದ

* * *

ಒಪ್ಪಿದೆ.

— ಧಾರವಾಡದಿಂದ