ಶೆಲ್ಟರ್‌ನಿಂದ ಮೂರನೇ ನಾಯಿ ಬರುತ್ತಿದೆ, ಮನೆಯ ಎರಡರ ಜೊತೆ ಹೇಗೆ ಹೊಂದಿಸುವುದು?

ಕುವೆಂಪುನಗರ ನಿವಾಸಿ (ಪ್ರಶ್ನೆ):
ಮೈಸೂರಿನಲ್ಲಿ ನೆಲಮಹಡಿಯ ಮನೆ, ಎರಡು ಬೆಡ್‌ರೂಮು, ಹಿಂದೆ ಸಣ್ಣ ಹಿತ್ತಲು. ಈಗಿರುವುದು ಆರು ವರ್ಷದ ಹೆಣ್ಣು ಲ್ಯಾಬ್ (ಲ್ಯಾಬ್ರಡಾರ್), ಮೂರು ವರ್ಷದ ಗಂಡು ನಾಟಿ ನಾಯಿ. ಎರಡಕ್ಕೂ ಸಂತಾನಹರಣ ಆಪರೇಷನ್ ಆಗಿದೆ, ಲಸಿಕೆ ತಪ್ಪಿಲ್ಲ. ಬರುವ ಶನಿವಾರ ಒಂದೂವರೆ ವರ್ಷದ ಹೆಣ್ಣು ನಾಟಿ ನಾಯಿ ಬರುತ್ತಾಳೆ. ಸಂತಾನಹರಣ ಆಪರೇಷನ್ ಆಗಿ ಐದು ದಿನ, ರೇಬೀಸ್ ಲಸಿಕೆ ಒಂದು ಹಾಕಿದ್ದಾರೆ, ಬೇರೆ ಯಾವುದರ ದಾಖಲೆಯೂ ಇಲ್ಲ. ಹಿತ್ತಲಲ್ಲಿ ಮೂರನ್ನೂ ಬಿಟ್ಟುಬಿಡಿ, ತಾವೇ ಹೊಂದಿಕೊಳ್ಳುತ್ತವೆ ಅಂತ ಕೆಲವರು. ತಿಂಗಳು ದೂರ ಇಡಿ ಅಂತ ಕೆಲವರು. ಯಾವುದು ಸರಿ?

ಹಿತ್ತಲ ಬಾಗಿಲು:
ಹಿತ್ತಲಲ್ಲಂತೂ ಬಿಡಬೇಡಿ. ಅದು ನಿಮ್ಮ ಎರಡು ನಾಯಿಗಳ ಜಾಗ, ಅವು ಕಾಯುವ ಗಡಿ. ಅಲ್ಲಿಗೆ ಅಪರಿಚಿತ ನಾಯಿ ನುಗ್ಗಿದರೆ ಓಡಿಸುವುದೇ ಅವುಗಳ ಕೆಲಸ. ಮೇಲಾಗಿ ಅವಳ ಹೊಲಿಗೆ ಇನ್ನೂ ಹಸಿ. 10ರಿಂದ 14 ದಿನ ಓಟ, ಜಿಗಿತ ಕೂಡದು. ಒಮ್ಮೆ ಉರುಳಾಡಿದರೂ ಹೊಲಿಗೆ ಬಿಚ್ಚಬಹುದು.

ಆ ಎರಡು ವಾರವನ್ನೇ ಕ್ವಾರಂಟೈನ್ ಮಾಡಿಕೊಳ್ಳಿ. ಪಾರ್ವೊ (ವಾಂತಿ, ರಕ್ತಭೇದಿ ತರುವ ಅಂಟುರೋಗ) ಸಾಮಾನ್ಯವಾಗಿ 3ರಿಂದ 7 ದಿನದಲ್ಲಿ, ಕೆಲವೊಮ್ಮೆ ಎರಡು ವಾರಕ್ಕೆ ತಲೆ ಎತ್ತುತ್ತದೆ. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗಕ್ಕೂ ಹೆಚ್ಚುಕಡಿಮೆ ಒಂದೆರಡು ವಾರ ಬೇಕು. ನಿಮ್ಮವಕ್ಕೆ ಲಸಿಕೆ ಇರುವುದರಿಂದ ಈ ಎರಡರ ಭಯ ಕಡಿಮೆ. ಆದರೆ ಉಣ್ಣೆ, ಹೊಟ್ಟೆಹುಳ, ಚರ್ಮದ ಕಜ್ಜಿಯನ್ನು ಆ ಲಸಿಕೆ ತಡೆಯಲ್ಲ. ಒಂದು ಬೆಡ್‌ರೂಮು ಅವಳಿಗೇ ಬಿಡಿ. ತಟ್ಟೆ, ಹಾಸಿಗೆ ಬೇರೆ ಇರಲಿ, ಆ ಕೋಣೆಗೊಂದು ಚಪ್ಪಲಿಯೂ ಬೇರೆ. ಮೊದಲು ಹಳೆಯವರ ಕೆಲಸ ಮುಗಿಸಿ, ಕೊನೆಗೆ ಅವಳದು. ನೆಲ ಒರೆಸಲು ಫಿನಾಯಿಲ್ ಸಾಲದು, ಪಾರ್ವೊ ವೈರಸ್ ಅದಕ್ಕೆ ಜಗ್ಗಲ್ಲ. ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ, ನೆಲವನ್ನು ಮೊದಲು ತೊಳೆದು, ಆಮೇಲೆ ಬಳಿದು ಹತ್ತು ನಿಮಿಷ ಬಿಡಿ. ಆ ಹೊತ್ತು ನಾಯಿ ಹೊರಗಿರಲಿ. ಬಂದ ಮೊದಲ ವಾರವೇ ಡಾಕ್ಟರಿಗೆ ತೋರಿಸಿ ಮಲ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಮಾಡಿಸಿ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕುಸಿದಿದ್ದರೂ ನಾಯಿ ಮೇಲ್ನೋಟಕ್ಕೆ ಆರಾಮಾಗೇ ಕಾಣಬಹುದು.

ಬೆಳಗಿನ ಸುತ್ತು:
ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ, ಒಂದು ಮಾತು ಸೇರಿಸುತ್ತೇನೆ. ಎರಡು ವಾರ ಮುಖ ತೋರಿಸದಿದ್ದರೂ ಒಂದರ ವಾಸನೆ ಇನ್ನೊಂದಕ್ಕೆ ಕೊಡಬಹುದು. ಡಾಕ್ಟರು ಚರ್ಮ, ಮಲ ಎರಡೂ ಸರಿ ಅಂದಮೇಲೆ ಹಾಸಿದ ಬಟ್ಟೆಗಳನ್ನು ಅದಲುಬದಲು ಮಾಡಿ.

ಭೇಟಿ ಮಾಡಿಸುವುದು ಮನೆಯಿಂದ ದೂರ, ಬೀದಿನಾಯಿಗಳ ಕಾಟವಿಲ್ಲದ ರಸ್ತೆಯಲ್ಲಿ. ಒಂದೊಂದು ನಾಯಿಗೆ ಒಬ್ಬೊಬ್ಬರು ಬೇಕು. ಮೊದಲು ಗಂಡು ನಾಯಿ ಮಾತ್ರ. ಎದುರುಬದುರು ತರಬೇಡಿ. ರಸ್ತೆಯ ಆ ಬದಿ ಒಂದು, ಈ ಬದಿ ಒಂದು, ಒಂದೇ ದಿಕ್ಕಿಗೆ ಇಪ್ಪತ್ತು ನಿಮಿಷ ನಡೆಸಿ. ಎರಡೂ ನೆಲ ಮೂಸುತ್ತ ಸಡಿಲವಾಗಿ ನಡೆದರೆ ಮಾತ್ರ ಅಂತರ ತಗ್ಗಿಸಿ. ಮೂಸಲು ಬಿಟ್ಟಾಗ ಮೂರು ಸೆಕೆಂಡು ಸಾಕು, ಹೆಸರು ಕರೆದು ಮುಂದೆ ಹೊರಡಿ. ಹಗ್ಗ ಬಿಗಿಯಾಗಿ ಹಿಡಿಯುವುದೇ ದೊಡ್ಡ ತಪ್ಪು: ಕತ್ತು ಮೇಲೇಳುತ್ತದೆ, ಎದೆ ಸೆಟೆಯುತ್ತದೆ, ಎದುರಿನ ನಾಯಿ ಅದನ್ನು ಸವಾಲು ಅಂತ ಓದಿಕೊಳ್ಳುತ್ತದೆ. ಲ್ಯಾಬ್ ಸರದಿ ಎರಡು ಮೂರು ದಿನ ಕಳೆದಮೇಲೆ. ಒಂದೇ ಮನೆಯಲ್ಲಿ ಹೆಣ್ಣು ಹೆಣ್ಣಿನ ಜಗಳ ಶುರುವಾದರೆ ಬಿಡಿಸುವುದು ಕಷ್ಟ, ಆ ಜೋಡಿಗೆ ಹೆಚ್ಚು ದಿನ ಕೊಡಿ.

ಕತ್ತುಪಟ್ಟಿ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ಜಾರಿ ಹೊರಬರುತ್ತದೆ. ಪಟ್ಟಿಗೊಂದು, ಎದೆ ಸುತ್ತಿ ಕಟ್ಟುವ ಹಾರ್ನೆಸ್‌ಗೊಂದು, ಎರಡು ಹಗ್ಗ ಹಾಕಿ. ಫೋನ್ ನಂಬರಿನ ಬಿಲ್ಲೆ ಮೊದಲ ದಿನದಿಂದಲೇ ಇರಲಿ.

ಮೂರು ತಟ್ಟೆ:
ಹೊರಗೆ ಒಳ್ಳೆಯ ಗೆಳೆಯರಾದವು ಮನೆಯೊಳಗೆ ಕಚ್ಚಾಡುವುದು ಹೆಚ್ಚಾಗಿ ಊಟಕ್ಕೆ, ಮೂಳೆಗೆ, ಸೋಫಾಕ್ಕೆ, ಇಕ್ಕಟ್ಟಾದ ಬಾಗಿಲಿಗೆ. ಮೂರಕ್ಕೂ ಮುಚ್ಚಿದ ಬಾಗಿಲ ಹಿಂದೆ ಬೇರೆ ಬೇರೆ ಊಟ, ಕನಿಷ್ಠ ಮೂರು ತಿಂಗಳು. ತಟ್ಟೆ ಎತ್ತಿ ತೊಳೆದಮೇಲಷ್ಟೇ ಬಾಗಿಲು ತೆಗೆಯಿರಿ. ನೀರು ಎರಡು ಕಡೆ ಇಡಿ. ಶೆಲ್ಟರ್‌ನಲ್ಲಿ ಏನು ಹಾಕುತ್ತಿದ್ದರೋ ಅದನ್ನೇ ಹಾಕುತ್ತ, ನಿಮ್ಮ ಊಟಕ್ಕೆ 7ರಿಂದ 10 ದಿನದಲ್ಲಿ ಬದಲಾಯಿಸಿ. ಇಲ್ಲದಿದ್ದರೆ ಭೇದಿಯಾಗಿ, ಕಾಯಿಲೆಯೋ ಊಟದ ಬದಲಾವಣೆಯೋ ಗೊತ್ತಾಗದೆ ಪರದಾಡುತ್ತೀರಿ.

ದಯವಿಟ್ಟು ಗುರುಗುಟ್ಟಿದ್ದಕ್ಕೆ ಬೈಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಬಾಯಿಮುಚ್ಚಿಸಿದರೆ ನಾಳೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಅದಕ್ಕೂ ಮೊದಲಿನ ಗುರುತು ನೋಡಲು ಕಲಿಯಿರಿ: ತಿನ್ನುತ್ತಿದ್ದದ್ದು ಹಠಾತ್ತನೆ ಕಲ್ಲಿನಂತೆ ನಿಲ್ಲುವುದು, ತಲೆ ತಿರುಗಿಸದೆ ಓರೆಗಣ್ಣಲ್ಲಿ ಬಿಳಿ ಕಾಣುವುದು. ಆಗಲೇ ಹೆಸರು ಕರೆದು ಬೇರೆ ಮಾಡಿ. ಕಚ್ಚಾಟವೇ ಆದರೆ ಕೈ ಹಾಕಬೇಡಿ. ದಪ್ಪ ಕಂಬಳಿ ಎಸೆಯಿರಿ, ಬಕೆಟ್ ನೀರು ಸುರಿಯಿರಿ, ನಡುವೆ ಕುರ್ಚಿ ತಳ್ಳಿ. ನಿಮಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಮನೆ ನಾಯಿಯೇ ಆದರೂ.

ಕುವೆಂಪುನಗರ ನಿವಾಸಿ:
ಬಂದು ನಾಲ್ಕು ದಿನ. ಮಂಚದಡಿಯಿಂದ ಹೊರಬರುತ್ತಿಲ್ಲ, ತಿನ್ನುವುದು ರಾತ್ರಿ ಮಾತ್ರ. ಲ್ಯಾಬ್ ಬಾಗಿಲ ಸಂದಿ ಮೂಸಿ ಗುರ್ ಅನ್ನುತ್ತಿದೆ.

ಹಿತ್ತಲ ಬಾಗಿಲು:
ರಾತ್ರಿ ತಿನ್ನುತ್ತಿದ್ದರೆ ಚಿಂತೆ ಬೇಡ. ಎಳೆದು ತೆಗೆಯಬೇಡಿ, ಬಗ್ಗಿ ಇಣುಕಬೇಡಿ. ದಿನಕ್ಕೆರಡು ಸಲ ಬೆನ್ನು ಓರೆ ಮಾಡಿ ನೆಲದ ಮೇಲೆ ಕೂತು, ಬೇಯಿಸಿದ ಕೋಳಿಯ ಚೂರು ಮಂಚದ ಹತ್ತಿರ ಹಾಕಿ, ಮಾತಾಡದೆ ಎದ್ದುಬನ್ನಿ. ಲ್ಯಾಬ್‌ಗೆ ಆ ಬಾಗಿಲಿನಿಂದ ಆರಡಿ ದೂರದಲ್ಲಿ ಊಟ ಹಾಕಿ, ದಿನಕ್ಕೆ ಅರ್ಧ ಅಡಿ ಹತ್ತಿರ ತನ್ನಿ. ಗುರ್ ಅಂದರೆ ಹಿಂದಿನ ದಿನದ ಜಾಗಕ್ಕೆ ಮರಳಿ. ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ, ವಾಂತಿ ಅಥವಾ ರಕ್ತಭೇದಿ ಕಂಡರೆ, ಹೊಲಿಗೆ ಊದಿ ಕೀವು ಬಂದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.