ಅಪ್‌ಡೇಟ್: ಅಂಟಿಕೊಳ್ಳುತ್ತಿದ್ದ ಬಿಸಿಡಿ ಬಟನ್ ಸರಿಹೋಯಿತು

ಸಮುದ್ರದಲ್ಲಿ ಡೈವ್ ಮಾಡಿ ಬಂದ ಮೇಲೆ ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳಲು ಡೈವರ್ ತೊಡುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ಒತ್ತಿದರೆ ವಾಪಸ್ ಬರುತ್ತಿಲ್ಲ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಕಾರಣ ಉಪ್ಪೇ. ನಾನು ಹೊರಗಿನಿಂದಷ್ಟೇ ನೀರು ಹಾಯಿಸಿ ಸುಮ್ನೆ ಒಣಗಲು ಬಿಡುತ್ತಿದ್ದೆ. ಅದು ಸಾಲುವುದಿಲ್ಲ. ಉಪ್ಪುನೀರು ಸಂದಿಯಲ್ಲೇ ಒಣಗಿ ಹರಳು ಕಟ್ಟುತ್ತದೆ. ಟಾರ್ಚ್ ಹಿಡಿದು ನೋಡಿದರೆ ಬಟನ್ ಸುತ್ತ ಬೆಳ್ಳಗೆ ಉಂಗುರದ ಹಾಗೆ ಕೂತಿತ್ತು.

ನೀವು ಹೇಳಿದಂತೆ ಉಗುರುಬೆಚ್ಚಗಿನ ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟನ್ ಒತ್ತಿ ಒತ್ತಿ ಬಿಟ್ಟೆ. ಸಲೀಸಾಯಿತು. ಆದರೂ ಸರ್ವಿಸ್‌ಗೆ ಕೊಟ್ಟೆ. ನೀರಿನಡಿಯಲ್ಲಿ ತಾನಾಗಿ ಗಾಳಿ ತುಂಬಿಕೊಂಡರೆ ಸರ್ರನೆ ಮೇಲಕ್ಕೆ ಎಳೆದುಬಿಡುತ್ತದೆ, ಅಲ್ವಾ? ವಾಲ್ವ್, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡನ್ನೂ ಬದಲಿಸಿದರು.

ಈಗ ಬಿಸಿಡಿ ಒಳಗೂ ಸಿಹಿನೀರು ತುಂಬಿ, ಗಾಳಿ ಊದಿ, ಚೆನ್ನಾಗಿ ಕುಲುಕಿ, ತಲೆಕೆಳಗು ಮಾಡಿ ಸುರಿಯುತ್ತೇನೆ. ಎರಡು ಮೂರು ಸಲ. ಆಮೇಲೆ ಸ್ವಲ್ಪ ಗಾಳಿ ತುಂಬಿ ನೆರಳಲ್ಲಿ ನೇತುಹಾಕುತ್ತೇನೆ.

ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ಒದಗಿಸುವ ರೆಗ್ಯುಲೇಟರ್ ಬಗ್ಗೆ ಒಬ್ಬರು ಎಚ್ಚರಿಸಿದ್ದು ತುಂಬಾ ಉಪಕಾರವಾಯಿತು. ಸಿಲಿಂಡರ್‌ಗೆ ಜೋಡಿಸುವ ಬಾಯಿಯನ್ನು ಮುಚ್ಚುವ ಡಸ್ಟ್ ಕ್ಯಾಪ್ ಒರೆಸಿ, ಬಿಗಿಯಾಗಿ ಹಾಕಿದ ಮೇಲೇ ನೆನೆಸುತ್ತೇನೆ. ನೆನೆಯುವಾಗ ಪರ್ಜ್ ಬಟನ್ (ಬಾಯಿಗಿಡುವ ಭಾಗದ ಮೇಲೆ, ಗಾಳಿ ಹೊರಬಿಡಲು ಒತ್ತುವ ಗುಂಡಿ) ಮುಟ್ಟುವುದಿಲ್ಲ. ಒತ್ತಿದರೆ ನೀರು ಹೋಸ್ ಒಳಗೆ ಹೋಗುತ್ತದೆ. ನಾನು ಇಷ್ಟು ದಿನ ಅದನ್ನೇ ಮಾಡುತ್ತಿದ್ದೆ, ಹಾಗಾಗಿ ರೆಗ್ಯುಲೇಟರನ್ನೂ ಸರ್ವಿಸ್‌ಗೆ ಕೊಟ್ಟಿದ್ದೇನೆ.