ರಾತ್ರಿ ಬೇಕಾಗಿದ್ದು, ಬೆಳಿಗ್ಗೆ ಬೇಡವಾಗಿದ್ದು

ಪ್ರಶ್ನೆ: ಮೇಡಂ, ನನ್ನ ಸಂಬಳ ಕಡಿಮೆಯೇನಲ್ಲ. ಆದರೂ ತಿಂಗಳ ಕೊನೆಗೆ ಖಾತೆ ಬರಿದು. ದೊಡ್ಡ ಖರ್ಚು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮಲಗುವ ಮುಂಚೆ ಮೊಬೈಲ್ ನೋಡುತ್ತಾ ನೋಡುತ್ತಾ ಏನಾದರೊಂದು ತರಿಸಿಬಿಡುತ್ತೇನೆ. ಮೊನ್ನೆ ಬಂದ ಪೊಟ್ಟಣ ಬಿಚ್ಚಿದರೆ ಒಳಗೆ ಮೇಜಿನ ದೀಪ. ಅಂಥದ್ದೇ ಇನ್ನೊಂದು ಪೆಟ್ಟಿಗೆಯಿಂದ ಹೊರಗೇ ಬಾರದೆ ಕಪಾಟಿನ ಮೇಲೆ ಕೂತಿದೆ. ನನಗೆ ಮನೋಬಲವೇ ಇಲ್ಲವೇನೋ ಎನಿಸುತ್ತದೆ.

ಉತ್ತರ (ಹಣಕಾಸು ಸಲಹೆಗಾರ್ತಿ): ಮನೋಬಲದ ಮಾತನ್ನು ಪಕ್ಕಕ್ಕಿಡಿ. ಲೆಕ್ಕ ತೋರಿಸಲು ನನ್ನ ಬಳಿ ಬರುವವರಲ್ಲಿ ಬಹಳ ಶಿಸ್ತಿನವರೂ ಇದ್ದಾರೆ, ರಾತ್ರಿ ಹೊತ್ತು ಅವರ ಕಥೆಯೂ ಇದೇ. ನಾನು ನೋಡುವುದು ಒಂದನ್ನೇ: ಬೇಕೆನಿಸಿದ ಗಳಿಗೆಗೂ ಹಣ ಕೈಬಿಡುವ ಗಳಿಗೆಗೂ ನಡುವೆ ಎಷ್ಟು ಹೊತ್ತು? ಎದ್ದು ಅಂಗಡಿಗೆ ಹೋಗಿ ನೋಟು ಎಣಿಸಿ ಕೊಡಬೇಕಾದಾಗ ದಾರಿಯಲ್ಲೇ ಅರ್ಧ ಆಸೆ ಇಳಿದುಹೋಗುತ್ತದೆ. ಆ ದಾರಿಯನ್ನು ಅಳಿಸಿಹಾಕುವುದೇ ಮಾರುವವರ ಜಾಣ್ಮೆ. ಒಂದೇ ಕ್ಲಿಕ್ಕಿನಲ್ಲಿ ಖರೀದಿ ಮುಗಿಸುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೇ ಪಡೆದಿತ್ತು. ಅದರ ಅವಧಿ ಮುಗಿದದ್ದು 2017ರಲ್ಲಿ. ನಾಲ್ಕು ಗುಂಡಿ ಒತ್ತುವ ಶ್ರಮ ತಪ್ಪಿಸುವುದರಲ್ಲಿ ಅವರಿಗೆ ಅಷ್ಟು ಲಾಭ ಕಂಡಿದ್ದರೆ, ಆ ಶ್ರಮವನ್ನು ಮತ್ತೆ ತಂದುಕೊಳ್ಳುವುದರಲ್ಲಿ ನಿಮ್ಮ ಲಾಭವಿದೆ.

ಇಂದೇ ಆ್ಯಪ್‌ನಿಂದ ಕಾರ್ಡಿನ ವಿವರ ಅಳಿಸಿ. ಸೂಚನೆಗಳನ್ನು ನಿಲ್ಲಿಸಿ. ಪರ್ಸನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ. ಹೊದಿಕೆ ಸರಿಸಿ, ದೀಪ ಹಚ್ಚಿ, ಪರ್ಸ್ ತಂದು ಹದಿನಾರು ಅಂಕಿಗಳನ್ನು ಒಂದೊಂದಾಗಿ ಒತ್ತುವಷ್ಟು ಬೇಕಾದ ವಸ್ತುವಾದರೆ ಕೊಳ್ಳಿ, ನನ್ನ ಅಡ್ಡಿಯಿಲ್ಲ.

ಇನ್ನೊಬ್ಬ ಸದಸ್ಯರು: ಕಾರ್ಡಾದರೇನು, ನಗದಾದರೇನು, ಹೋಗುವ ಹಣ ಒಂದೇ ಅಲ್ಲವೇ?

ಉತ್ತರ: ಹಣ ಒಂದೇ, ಕೊಡುವಾಗಿನ ಸಂಕಟ ಒಂದೇ ಅಲ್ಲ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳ ಹರಾಜು. ನಗದು ಕೊಡಬೇಕೆಂದು ಹೇಳಿಸಿಕೊಂಡವರಿಗಿಂತ ಕ್ರೆಡಿಟ್ ಕಾರ್ಡ್ ಬಳಸಬೇಕೆಂದು ಹೇಳಿಸಿಕೊಂಡವರು ಸರಾಸರಿ ಎರಡು ಪಟ್ಟಿನಷ್ಟು ಬೆಲೆ ಕೂಗಿದರು. ಕೂಗಿದವರು ಎಂಬಿಎ ವಿದ್ಯಾರ್ಥಿಗಳು ಎನ್ನುವುದು ನನಗೆ ಪ್ರತಿ ಸಲವೂ ನಗು ತರಿಸುತ್ತದೆ.

ಮತ್ತೊಬ್ಬ ಸದಸ್ಯರು: ನಾನು ಒಂದು ದಿನ ಕಾಯುವ ನಿಯಮ ಇಟ್ಟುಕೊಂಡಿದ್ದೇನೆ. ಆದರೆ ‘ಇನ್ನು 2 ಗಂಟೆ ಮಾತ್ರ’ ಎಂದು ಗಡಿಯಾರ ಓಡತೊಡಗಿದರೆ ನಿಯಮ ಗಾಳಿಗೆ ತೂರಿಹೋಗುತ್ತದೆ. ರಿಯಾಯಿತಿ ಬಿಡುವುದೂ ನಷ್ಟವೇ ತಾನೇ?

ಉತ್ತರ: ಆ ವಸ್ತುವನ್ನು ನೀವು ಹೋದ ವಾರವೇ ಹುಡುಕುತ್ತಿದ್ದರೆ ನಷ್ಟ. ಗಡಿಯಾರ ಕಂಡ ಮೇಲೆ ಬೇಕೆನಿಸಿದ್ದಾದರೆ, ಶೇಕಡಾ 40 ರಿಯಾಯಿತಿ ಎಂದರೆ ನಿಮ್ಮ ಪಾಲಿಗೆ ಶೇಕಡಾ 60 ಖರ್ಚು, ಅಷ್ಟೇ. ಅಲ್ಲದೆ, ಸುಮ್ಮನೆ ಕಾಯುವುದು ಕಷ್ಟ. ಕೈಗೆ ಏನಾದರೂ ಕೆಲಸ ಬೇಕು. ತಾರೀಖು, ವಸ್ತು, ಬೆಲೆ, ಯಾಕೆ ಬೇಕು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದುಬಾರಿ ವಸ್ತುವಾದರೆ ಒಂದು ದಿನ ಸಾಲದು, ಮುಂದಿನ ಸಂಬಳದವರೆಗೆ ಕಾಯಿರಿ. ಒಬ್ಬರು ನನಗೆ ತಮ್ಮ ಪಟ್ಟಿ ತೋರಿಸಿದ್ದರು. ಅರ್ಧಕ್ಕೂ ಹೆಚ್ಚು ಸಾಲುಗಳ ಮೇಲೆ ಗೀಟು ಬಿದ್ದಿತ್ತು. ಒಂದರ ಪಕ್ಕದಲ್ಲಿ ಅವರದೇ ಅಕ್ಷರ: ‘ಇದು ಏನು?’

ಮೊದಲು ಕೇಳಿದವರು (ಮೂರು ವಾರಗಳ ನಂತರ): ಮೇಡಂ, ಕಾರ್ಡ್ ಅಳಿಸಿದೆ, ನೋಟ್‌ಬುಕ್ಕೂ ಇಟ್ಟೆ. ಹೊಸ ದೀಪವನ್ನು ಹಿಂದಿರುಗಿಸಿದೆ, ಹಣವೂ ಮರಳಿ ಬಂತು. ಆದರೆ ಖಾತೆಯಲ್ಲಿ ನೋಡಿದರೆ ಅದೂ ಇಲ್ಲ!

ಉತ್ತರ: ಇರುವುದಿಲ್ಲ. ಕೊಳ್ಳದೆ ಬಿಟ್ಟ ಹಣ ತಾನಾಗಿಯೇ ಉಳಿತಾಯವಾಗುವುದಿಲ್ಲ. ಅದೇ ಖಾತೆಯಲ್ಲಿದ್ದರೆ ಇನ್ನೊಂದು ದಾರಿ ಹುಡುಕಿಕೊಂಡು ಹೋಗುತ್ತದೆ. ಸಂಬಳ ಬಂದ ದಿನವೇ ಒಂದು ಮೊತ್ತ ಬೇರೆ ಖಾತೆಗೆ ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಜೊತೆಗೆ, ಪಟ್ಟಿಯಲ್ಲಿ ಯಾವುದಕ್ಕಾದರೂ ಗೀಟು ಎಳೆದರೆ ಅದರ ಬೆಲೆಯನ್ನು ಆಗಲೇ ಆ ಖಾತೆಗೆ ದಾಟಿಸಿ. ಹಾಗೆಂದು ಪೂರ್ತಿ ಕಟ್ಟಿಹಾಕಿಕೊಳ್ಳಬೇಡಿ. ತಿಂಗಳಿಗೊಂದು ಸಣ್ಣ ಮೊತ್ತ ಲೆಕ್ಕವಿಲ್ಲದೆ ಖರ್ಚಾಗಲಿ. ನನ್ನದು ಪೆನ್ನುಗಳಿಗೆ ಹೋಗುತ್ತದೆ. ಎಷ್ಟಿವೆ ಎಂದು ಮಾತ್ರ ಕೇಳಬೇಡಿ.

ಕಪಾಟಿನ ಮೇಲಿರುವ ಹಳೆಯ ದೀಪವನ್ನು ಪೆಟ್ಟಿಗೆಯಿಂದ ತೆಗೆದಿರಾ?